ಲಿನಕ್ಸ್ ಮಿಂಟ್ ಡೆಸ್ಕ್‌ಟಾಪ್‌ನಲ್ಲಿ ನಿಮ್ಮ ಹೋಮ್ ಫೋಲ್ಡರ್ ಕಾಪಾಡಿಕೊಳ್ಳುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ನನ್ನ ಲ್ಯಾಪ್‌ಟಾಪಿನ ಕೀಲು ಮುರಿದು ರಿಪೇರಿಗೆ ಕೊಟ್ಟಿದ್ದೆ. ಅದರಲ್ಲಿ ಇದ್ದದ್ದು ಲಿನಕ್ಸ್ ಮಿಂಟ್, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್. ಲಾಗಿನ್ ಪಾಸ್‌ವರ್ಡ್ ಗಟ್ಟಿಯಾದದ್ದೇ ಇಟ್ಟಿದ್ದೆ, ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೂರು ದಿನ ಬಿಟ್ಟು ತರಲು ಹೋದಾಗ ಅಲ್ಲಿನ ಹುಡುಗ, "ಸರ್, ನಿಮ್ಮೂರ ಜಾತ್ರೆ ಫೋಟೊ ತುಂಬಾ ಚೆನ್ನಾಗಿದೆ" ಅಂದ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಪರದೆ ಸರಿಯಾಗಿ ಬರುತ್ತಿದೆಯಾ ಅಂತ ನೋಡಲು ತನ್ನ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿದ್ದ. ನನ್ನ ಡಿಸ್ಕ್ ಅಲ್ಲೇ ಪಕ್ಕದಲ್ಲಿ ಕಾಣಿಸಿತು, ತೆರೆದ. ನನ್ನ ಪಾಸ್‌ವರ್ಡ್ ಎಲ್ಲೂ ಅಡ್ಡ ಬರಲೇ ಇಲ್ಲ.

ಜಾತ್ರೆಯ ಫೋಟೊ ಪಕ್ಕದ ಫೋಲ್ಡರ್‌ನಲ್ಲೇ ಮನೆಯವರೆಲ್ಲರ ಆಧಾರ್, ಪಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

"ಲಿನಕ್ಸ್ ಹಾಕಿದೀನಿ, ನನಗೇನೂ ಆಗಲ್ಲ" ಅನ್ನುವ ಮಾತು ನಾನೂ ಹೇಳುತ್ತಿದ್ದೆ. ಆ ಮಾತಿನಲ್ಲಿ ಅರ್ಧ ಸತ್ಯ ಇದೆ. ಲಿನಕ್ಸ್ ತನ್ನ ಸಿಸ್ಟಮ್ ಫೈಲುಗಳನ್ನು ಬಹಳ ಚೆನ್ನಾಗಿ ಕಾಯುತ್ತದೆ. ಅದು ಓಡುತ್ತಿರುವಾಗ ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಯಾರೂ ಅವನ್ನು ಬದಲಿಸಲಾಗದು. ಆದರೆ ಯೋಚಿಸಿ ನೋಡಿ, ಸಿಸ್ಟಮ್ ಫೈಲು ಹಾಳಾದರೆ ಅರ್ಧ ಗಂಟೆಯಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಬಹುದು ಅಲ್ವಾ? ನಮ್ಮ ಬದುಕು ಇರುವುದು ಹೋಮ್ ಫೋಲ್ಡರ್‌ನಲ್ಲಿ. ಫೋಟೊ, ದಾಖಲೆ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಎಲ್ಲಾ ಅಲ್ಲೇ. ನೀವು ಓಡಿಸುವ ಮಾಮೂಲಿ ಪ್ರೋಗ್ರಾಂಗಳಿಗೆ ಆ ಫೋಲ್ಡರ್ ಪೂರ್ತಿ ತೆರೆದಿರುತ್ತದೆ. ಅಡ್ಮಿನ್ ಪಾಸ್‌ವರ್ಡ್ ಬೇಕಾಗಿಯೇ ಇಲ್ಲ.

ಆದ್ದರಿಂದ ಈ ಬರಹದಲ್ಲಿ ಪ್ರತಿ ಹೆಜ್ಜೆಗೂ ಒಂದೇ ಪ್ರಶ್ನೆ: ಇದರಿಂದ ನನ್ನ ಹೋಮ್ ಫೋಲ್ಡರ್ ಉಳಿಯುತ್ತದಾ? ನಾನು ಹೇಳುವುದು ಲಿನಕ್ಸ್ ಮಿಂಟ್ 22ರ ಸಿನಮನ್ (ಮಿಂಟ್‌ನ ಮುಖ್ಯ ಡೆಸ್ಕ್‌ಟಾಪ್) ಆವೃತ್ತಿಯ ಬಗ್ಗೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಹಳೆಯ ಕಂಪ್ಯೂಟರ್ ಬಿಸಾಡಲು ಮನಸ್ಸಿಲ್ಲದೆ ಮಿಂಟ್ ಕಡೆಗೆ ಬಂದವರನ್ನು ನಾನು ಸುತ್ತಮುತ್ತ ನೋಡುತ್ತಿದ್ದೇನೆ. ಮಿಂಟ್‌ಗೆ ಆಧಾರವಾದ ಉಬುಂಟು ಬಳಸುವವರಿಗೂ ಇಲ್ಲಿನ ಹೆಚ್ಚಿನ ಮಾತು ಹೊಂದುತ್ತದೆ, ಮೆನುಗಳ ಹೆಸರು ಮಾತ್ರ ಬೇರೆ.

ಹೆಜ್ಜೆ 1: ಇಳಿಸಿಕೊಂಡ ಐಎಸ್‌ಒ ಅಸಲಿಯೇ ಎಂದು ನೋಡಿ

ಐಎಸ್‌ಒ ಅಂದರೆ ಮಿಂಟ್ ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಫೈಲು. ಅದರ ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬಾರದು ಅನ್ನುವುದಕ್ಕೆ ಮಿಂಟ್‌ನ ಚರಿತ್ರೆಯಲ್ಲೇ ಕಾರಣ ಇದೆ. 2016ರ ಫೆಬ್ರವರಿ 20ರಂದು ಮಿಂಟ್‌ನ ವೆಬ್‌ಸೈಟ್‌ಗೇ ಕಳ್ಳರು ನುಗ್ಗಿದರು. 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿ ಬದಲಿಸಿ, ಹಿಂಬಾಗಿಲು (ಕಳ್ಳರು ಗುಟ್ಟಾಗಿ ಒಳಬರುವ ದಾರಿ) ಸೇರಿಸಿದ ನಕಲಿ ಐಎಸ್‌ಒ ಕಡೆಗೆ ತಿರುಗಿಸಿದರು. ಆ ದಿನ ಅಧಿಕೃತ ಸೈಟ್‌ಗೇ ಹೋಗಿ ಇಳಿಸಿಕೊಂಡವರಿಗೂ ಸಿಕ್ಕಿದ್ದು ನಕಲಿಯೇ.

ಪರೀಕ್ಷೆ ಮಾಡುವ ವಿಧಾನ ಹೀಗಿದೆ. ಡೌನ್‌ಲೋಡ್ ಪುಟದಲ್ಲಿ ಐಎಸ್‌ಒ ಜೊತೆ ಎರಡು ಚಿಕ್ಕ ಫೈಲು ಇರುತ್ತವೆ. ಒಂದರಲ್ಲಿ ಎಸ್‌ಎಚ್‌ಎ256 ಮೊತ್ತ, ಅಂದರೆ ಫೈಲಿನ ಬೆರಳಚ್ಚಿನಂಥ ಅಕ್ಷರಗಳ ಸಾಲು ಇದೆ, ಇನ್ನೊಂದರಲ್ಲಿ ಮಿಂಟ್ ತಂಡದ ಡಿಜಿಟಲ್ ಸಹಿ ಇದೆ. ಎರಡನ್ನೂ ಐಎಸ್‌ಒ ಇರುವ ಫೋಲ್ಡರ್‌ಗೇ ಇಳಿಸಿಕೊಳ್ಳಿ. ನಿಮ್ಮ ಬಳಿ ಈಗಾಗಲೇ ಮಿಂಟ್ ಇದ್ದರೆ ಐಎಸ್‌ಒ ಮೇಲೆ ರೈಟ್ ಕ್ಲಿಕ್ ಮಾಡಿ ವೆರಿಫೈ ಒತ್ತಿ. ವಿಂಡೋಸ್ ಇದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸರ್ಟ್‌ಯುಟಿಲ್ ಅನ್ನುವ ಸಾಧನ ಮೊದಲಿನಿಂದಲೇ ಇರುತ್ತದೆ, ಅದು ಫೈಲಿನ ಎಸ್‌ಎಚ್‌ಎ256 ಮೊತ್ತ ಲೆಕ್ಕ ಹಾಕಿ ಕೊಡುತ್ತದೆ. ಎರಡು ಮೊತ್ತ ಅಕ್ಷರಕ್ಕೆ ಅಕ್ಷರ ಸರಿಹೋಗಬೇಕು.

ಮೊತ್ತ ಸರಿಹೋದರೆ ಫೈಲು ಪೂರ್ತಿಯಾಗಿ, ಕೆಡದೆ ಇಳಿದಿದೆ ಎಂದರ್ಥ. ಆದರೆ ಸೈಟ್‌ಗೇ ಕಳ್ಳ ನುಗ್ಗಿದ್ದರೆ ಮೊತ್ತವನ್ನೂ ಬದಲಿಸಬಲ್ಲ. ಸಹಿಯನ್ನು ಮಾತ್ರ ಅವನಿಗೆ ನಕಲು ಮಾಡಲಾಗದು, ಏಕೆಂದರೆ ಅದರ ಗುಟ್ಟಿನ ಕೀಲಿ ವೆಬ್‌ಸೈಟ್‌ನಲ್ಲಿ ಇರುವುದಿಲ್ಲ. ಅದಕ್ಕೇ ಸಹಿಯನ್ನೂ ನೋಡಿ ಅನ್ನುತ್ತೇನೆ. ಹತ್ತು ನಿಮಿಷದ ಕೆಲಸ.

ಹೆಜ್ಜೆ 2: ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ

ಎನ್‌ಕ್ರಿಪ್ಟ್ ಅಂದರೆ ಕೀ ಇಲ್ಲದೆ ಓದಲಾಗದಂತೆ ಬರೆದಿಡುವುದು. ಈ ಬರಹದಿಂದ ನೀವು ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ರಿಪೇರಿ ಅಂಗಡಿಯಲ್ಲಿ ನನ್ನನ್ನು ಉಳಿಸಬಹುದಾಗಿದ್ದದ್ದು ಇದೊಂದೇ.

ಮೊದಲು ಇರುವ ಫೈಲುಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಟ್ಟುಕೊಳ್ಳಿ, ಮುಂದಿನ ಕೆಲಸದಲ್ಲಿ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ. ಇನ್‌ಸ್ಟಾಲರ್‌ನಲ್ಲಿ ಇನ್‌ಸ್ಟಾಲೇಶನ್ ಟೈಪ್ ಅನ್ನುವ ಪುಟ ಬಂದಾಗ, ಡಿಸ್ಕ್ ಅಳಿಸಿ ಮಿಂಟ್ ಹಾಕುವ ಆಯ್ಕೆ ತೆಗೆದುಕೊಳ್ಳಿ. ಅದರ ಹತ್ತಿರವೇ ಅಡ್ವಾನ್ಸ್ಡ್ ಫೀಚರ್ಸ್ ಎಂಬ ಬಟನ್ ಇದೆ. ಅದನ್ನು ಒತ್ತಿ ಎಲ್‌ವಿಎಂ (ಡಿಸ್ಕ್ ಭಾಗ ಮಾಡುವ ಒಂದು ವಿಧಾನ) ಬಳಸುವ ಆಯ್ಕೆಯನ್ನು ಆರಿಸಿ, ಅದರ ಕೆಳಗೆ ಎನ್‌ಕ್ರಿಪ್ಟ್ ಮಾಡುವ ಚೌಕಕ್ಕೆ ಟಿಕ್ ಹಾಕಿ. ಮುಂದಿನ ಪುಟದಲ್ಲಿ ಸೆಕ್ಯುರಿಟಿ ಕೀ ಕೇಳುತ್ತದೆ. ಇದು ಲಾಗಿನ್ ಪಾಸ್‌ವರ್ಡ್‌ಗಿಂತ ಬೇರೆಯದು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ, ಮಿಂಟ್ ಏಳುವುದಕ್ಕೂ ಮೊದಲು ಇದನ್ನು ಟೈಪ್ ಮಾಡಬೇಕು. ಹಿಂದೆ ಕೆಲಸ ಮಾಡುವ ತಂತ್ರದ ಹೆಸರು ಲಕ್ಸ್. ಕೀ ಇಲ್ಲದವರಿಗೆ ನಿಮ್ಮ ಡಿಸ್ಕ್ ಅರ್ಥವಿಲ್ಲದ ಅಕ್ಷರಗಳ ರಾಶಿ, ಅಷ್ಟೇ.

ವಿಂಡೋಸ್ ಪಕ್ಕದಲ್ಲೇ ಮಿಂಟ್ ಹಾಕುವವರಿಗೆ ಈ ಬಟನ್ ಉಪಯೋಗಕ್ಕೆ ಬರುವುದಿಲ್ಲ. ಅವರು ಹೆಸರು, ಪಾಸ್‌ವರ್ಡ್ ಕೇಳುವ ಪುಟದಲ್ಲಿ ಹೋಮ್ ಫೋಲ್ಡರ್ ಮಾತ್ರ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ತೆಗೆದುಕೊಳ್ಳಬಹುದು. ಪೂರ್ತಿ ಡಿಸ್ಕ್‌ನಷ್ಟು ಗಟ್ಟಿ ಅಲ್ಲ, ಆದರೂ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ.

ಈಗ ಕೀ ಹೇಗಿರಬೇಕು ಅನ್ನುವ ಮಾತು. ಚಿಕ್ಕದಾದ, ಚಿಹ್ನೆ ತುಂಬಿದ ಪಾಸ್‌ವರ್ಡ್‌ಗಿಂತ ಸಂಬಂಧವಿಲ್ಲದ ಆರು ಪದಗಳ ಸಾಲು ಮೇಲು. ದಾಳ ಎಸೆದು ಪದ ಆರಿಸುವ ಪದ್ಧತಿಯಲ್ಲಿ 7776 ಪದಗಳ ಪಟ್ಟಿ ಇರುತ್ತದೆ, ಐದು ಸಲ ದಾಳ ಎಸೆದರೆ ಒಂದು ಪದ. ನಾನು ಮಾಡಿದ್ದು ಇನ್ನೂ ಸುಲಭ. ಕನ್ನಡ ನಿಘಂಟನ್ನು ಕಣ್ಣು ಮುಚ್ಚಿ ತೆರೆದು, ಬೆರಳು ಬಿದ್ದ ಪದ ಬರೆದುಕೊಂಡೆ. ಹಾಗೆ ಆರು ಸಲ. ಪದ ಇಷ್ಟ ಆಗಲಿಲ್ಲ ಅಂತ ಮತ್ತೆ ತೆರೆಯಬೇಡಿ, ಇಷ್ಟ ನೋಡಿ ಆರಿಸಿದರೆ ಯಾದೃಚ್ಛಿಕತೆ ಹೋಯಿತು. ಗಾದೆ, ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ ಇಡಲೇಬೇಡಿ. ಊರಿಗೆಲ್ಲ ಗೊತ್ತಿರುವ ಸಾಲು ಕಳ್ಳನ ಪಟ್ಟಿಯಲ್ಲೂ ಇರುತ್ತದೆ.

ಕನ್ನಡಿಗರು ಇಲ್ಲಿ ಎಡವುವ ಒಂದು ಜಾಗ ಇದೆ, ಸ್ವಲ್ಪ ಗಮನ ಕೊಡಿ. ಪದ ಕನ್ನಡದ್ದಾದರೂ ಅದನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಡಿಸ್ಕ್ ಕೀ ಕೇಳುವ ಹೊತ್ತಿಗೆ ಕನ್ನಡ ಟೈಪಿಂಗ್ ಸಾಧನ ಯಾವುದೂ ಶುರುವಾಗಿರುವುದಿಲ್ಲ. ಕನ್ನಡ ಲಿಪಿಯಲ್ಲಿ ಕೀ ಇಟ್ಟರೆ ನಿಮ್ಮ ಡಿಸ್ಕ್‌ನಿಂದ ನೀವೇ ಹೊರಗೆ. ಇನ್ನೊಂದು, 'ಹುಣಸೆ' ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ಥರ ಇಂಗ್ಲಿಷ್‌ನಲ್ಲಿ ಬರೆಯುತ್ತಾರೆ. ನಡುವೆ ದೊಡ್ಡಕ್ಷರ ಬೇಡ, ಎಲ್ಲಾ ಸಣ್ಣಕ್ಷರ ಅಂತ ಒಂದು ನಿಯಮ ಮಾಡಿಕೊಂಡು, ಟೈಪ್ ಮಾಡಿದ ಹಾಗೆಯೇ ಕಾಗದದಲ್ಲಿ ಬರೆದು, ಆಸ್ತಿಪತ್ರ ಇಡುವ ಜಾಗದಲ್ಲಿ ಇಡಿ. ಲಕ್ಸ್ ಕೀ ಮರೆತರೆ ಯಾರ ಕೈಯಲ್ಲೂ ತೆರೆಯಲು ಆಗುವುದಿಲ್ಲ. ಫರ್ಗಾಟ್ ಪಾಸ್‌ವರ್ಡ್ ಅನ್ನುವ ಬಟನ್ ಅಲ್ಲಿಲ್ಲ. ಮುಂದೆ ಕೀ ಬದಲಿಸಬೇಕು ಅನಿಸಿದರೆ ಡಿಸ್ಕ್ಸ್ ಅನ್ನುವ ಪ್ರೋಗ್ರಾಂ ತೆರೆದು, ಎನ್‌ಕ್ರಿಪ್ಟ್ ಆದ ಭಾಗದ ಮೇಲೆ ಕ್ಲಿಕ್ ಮಾಡಿ, ಚೇಂಜ್ ಪಾಸ್‌ಫ್ರೇಸ್ ಆರಿಸಿ.

ಎನ್‌ಕ್ರಿಪ್ಶನ್ ಕಾಯುವುದು ಕಂಪ್ಯೂಟರ್ ಪೂರ್ತಿ ಆಫ್ ಆಗಿರುವಾಗ ಮಾತ್ರ. ಮುಚ್ಚಳ ಮುಚ್ಚಿ ಸಸ್ಪೆಂಡ್ ಮಾಡಿದರೆ ಕೀ ಮೆಮೊರಿಯಲ್ಲೇ ಉಳಿದಿರುತ್ತದೆ. ಬಸ್ಸು ರೈಲಿನಲ್ಲಿ ಹೋಗುವಾಗ, ರಿಪೇರಿಗೆ ಕೊಡುವಾಗ ಶಟ್‌ಡೌನ್ ಮಾಡಿ. ಅಂಗಡಿಯವರು ಪಾಸ್‌ವರ್ಡ್ ಕೇಳಿದರೆ, ಲೈವ್ ಪೆನ್‌ಡ್ರೈವ್‌ನಿಂದ ಪರೀಕ್ಷೆ ಮಾಡಿಕೊಳ್ಳಿ ಅನ್ನಿ. ಪರದೆ, ಕೀಬೋರ್ಡ್, ವೈಫೈ ನೋಡಲು ಅಷ್ಟು ಸಾಕು.

ಹೆಜ್ಜೆ 3: ಅಪ್‌ಡೇಟ್ ತಾನಾಗಿಯೇ ಆಗಲಿ

ಮೂಲೆಯಲ್ಲಿರುವ ಗುರಾಣಿ ಚಿಹ್ನೆ ಒತ್ತಿ ಅಪ್‌ಡೇಟ್ ಮ್ಯಾನೇಜರ್ ತೆರೆಯಿರಿ. ಎಡಿಟ್ ಮೆನುವಿನಲ್ಲಿ ಪ್ರಿಫರೆನ್ಸಸ್, ಅಲ್ಲಿ ಆಟೊಮೇಶನ್. ಅಪ್‌ಡೇಟ್ ತಾನಾಗಿಯೇ ಆಗುವ ಸ್ವಿಚ್ ಆನ್ ಮಾಡಿ. ಫ್ಲ್ಯಾಟ್‌ಪ್ಯಾಕ್ ಎಂಬ ಇನ್ನೊಂದು ಬಗೆಯ ಆಪ್ ಪ್ಯಾಕೇಜುಗಳಿಗೆ ಬೇರೆ ಸ್ವಿಚ್ ಇದೆ, ಅದನ್ನೂ ಆನ್ ಮಾಡಿ. ಹಳೆಯ ಕರ್ನಲ್ (ಸಿಸ್ಟಮ್‌ನ ತಿರುಳು) ತೆಗೆದುಹಾಕುವ ಸ್ವಿಚ್ ಆನ್ ಮಾಡಿದರೆ ಡಿಸ್ಕ್ ತುಂಬುವುದಿಲ್ಲ. ಇದಕ್ಕೂ ಮೊದಲು ಟೈಮ್‌ಶಿಫ್ಟ್ ತೆರೆದು ದಿನಕ್ಕೊಂದು ಸ್ನ್ಯಾಪ್‌ಶಾಟ್ (ಸಿಸ್ಟಮ್‌ನ ಆ ಹೊತ್ತಿನ ಪ್ರತಿ) ತೆಗೆಯುವಂತೆ ಹೊಂದಿಸಿ. ಯಾವುದಾದರೂ ಅಪ್‌ಡೇಟ್ ಕೈ ಕೊಟ್ಟರೆ ಹಿಂದಿನ ದಿನದ ಸಿಸ್ಟಮ್‌ಗೆ ವಾಪಸ್ ಹೋಗಬಹುದು.

"ಚೆನ್ನಾಗಿ ನಡೀತಿದೆ, ಯಾಕೆ ಮುಟ್ಟಬೇಕು" ಅನ್ನುವವರಿಗೆ ಒಂದು ನಿಜ ಘಟನೆ ಹೇಳುತ್ತೇನೆ. 2021ರ ಜನವರಿಯಲ್ಲಿ ಮಿಂಟ್ ಬಳಸುವ ಒಬ್ಬ ತಂದೆಯ ಇಬ್ಬರು ಮಕ್ಕಳು ಲಾಕ್ ಆಗಿದ್ದ ಕಂಪ್ಯೂಟರ್ ಮುಂದೆ ಕೂತು, ಕೀಬೋರ್ಡ್ ಮತ್ತು ಪರದೆ ಮೇಲಿನ ಕೀಬೋರ್ಡ್ ಎರಡರಲ್ಲೂ ಸುಮ್ನೆ ಸಿಕ್ಕಸಿಕ್ಕಿದ್ದು ಒತ್ತಿದರು. ಲಾಕ್ ಪರದೆ ಕುಸಿದುಬಿತ್ತು, ಡೆಸ್ಕ್‌ಟಾಪ್ ತೆರೆದುಕೊಂಡಿತು! ತಂದೆ ಅದನ್ನು ಮಿಂಟ್ ತಂಡಕ್ಕೆ ತಿಳಿಸಿದರು, ತಂಡ ತಪ್ಪನ್ನು ಒಪ್ಪಿ ಸರಿಪಡಿಸಿತು. ಅಪ್‌ಡೇಟ್ ಹಾಕಿಕೊಂಡವರ ಲಾಕ್ ಮತ್ತೆ ಗಟ್ಟಿಯಾಯಿತು. ಹಾಕಿಕೊಳ್ಳದವರದು ತೆರೆದ ಬಾಗಿಲಾಗಿಯೇ ಉಳಿಯಿತು.

ಹಾಗಂತ ಎಲ್ಲದರ ಹೊಚ್ಚಹೊಸ ಆವೃತ್ತಿಯ ಹಿಂದೆ ಓಡಬೇಕಾಗಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನುವ ಸಣ್ಣ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಅಡಗಿಸಿಟ್ಟಿದ್ದು ಪತ್ತೆಯಾಯಿತು. ಪತ್ತೆ ಹಚ್ಚಿದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾಗುತ್ತಿರುವುದು ಅವರ ಕಣ್ಣಿಗೆ ಬಿತ್ತು, ಬಿಡದೆ ಬೆನ್ನು ಹತ್ತಿದರು. ಆ ಆವೃತ್ತಿಗಳು ಉಬುಂಟುವಿನ ಎಲ್‌ಟಿಎಸ್‌ಗೆ, ಅಂದರೆ ವರ್ಷಗಟ್ಟಲೆ ಬೆಂಬಲ ಸಿಗುವ ಆವೃತ್ತಿಗೆ, ಇನ್ನೂ ಬಂದಿರಲಿಲ್ಲ. ಮಿಂಟ್ ನಿಂತಿರುವುದು ಆ ಎಲ್‌ಟಿಎಸ್ ಮೇಲೇ. ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಮಿಂಟ್ 20ರ ಅವಧಿ 2025ರ ಏಪ್ರಿಲ್‌ಗೆ ಮುಗಿದಿದೆ, ಇನ್ನೂ ಅದರಲ್ಲೇ ಇರುವವರು ಬೇಗ ಬದಲಾಯಿಸಿ.

ಹೆಜ್ಜೆ 4: ಸಾಫ್ಟ್‌ವೇರ್ ಎಲ್ಲಿಂದ ಬರುತ್ತಿದೆ?

ಡಿಸ್ಕ್ ಎನ್‌ಕ್ರಿಪ್ಟ್ ಆದಮೇಲೆ ನಿಮ್ಮ ಹೋಮ್ ಫೋಲ್ಡರ್‌ಗೆ ದೊಡ್ಡ ಅಪಾಯ ಬರುವುದು ನೀವೇ ಕರೆದು ಒಳಗೆ ಕೂರಿಸಿದ ಪ್ರೋಗ್ರಾಂನಿಂದ. ಸಿನಮನ್ ಈಗಲೂ ಮಾಮೂಲಿಯಾಗಿ ಎಕ್ಸ್11 ಅನ್ನುವ ಹಳೆಯ ವ್ಯವಸ್ಥೆ ಮೇಲೆ ನಡೆಯುತ್ತದೆ. ಅದರಲ್ಲಿ ಒಂದು ಪ್ರೋಗ್ರಾಂ ಇನ್ನೊಂದರೊಳಗೆ ನೀವು ಒತ್ತುವ ಕೀಲಿಗಳನ್ನೂ ನೋಡಬಲ್ಲದು. ಬೇಲಿ ಇಷ್ಟು ತೆಳುವಾಗಿರುವಾಗ ಒಳಗೆ ಯಾರು ಬರುತ್ತಾರೆ ಅನ್ನುವುದೇ ಮುಖ್ಯ.

ಮೊದಲ ಆಯ್ಕೆ ಯಾವಾಗಲೂ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್. ಅಲ್ಲಿ ಸಿಸ್ಟಮ್ ಪ್ಯಾಕೇಜ್ ಸಿಕ್ಕಿದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಫ್ಲ್ಯಾಟ್‌ಪ್ಯಾಕ್. ಮಿಂಟ್ 22ರಲ್ಲಿ ಪರಿಶೀಲನೆ ಆಗದ ಫ್ಲ್ಯಾಟ್‌ಪ್ಯಾಕ್‌ಗಳನ್ನು ಮೊದಲಿಗೆ ಮರೆಮಾಡಿರುತ್ತಾರೆ. ಆ ಸ್ವಿಚ್ ಮುಟ್ಟಬೇಡಿ. ಕಾರಣ ಬೇಕಾ? 2024ರ ಫೆಬ್ರವರಿಯಲ್ಲಿ ಉಬುಂಟುವಿನ ಸ್ನ್ಯಾಪ್ ಸ್ಟೋರ್‌ನಲ್ಲಿ ಎಕ್ಸೋಡಸ್ ಎಂಬ ಕ್ರಿಪ್ಟೊ ವ್ಯಾಲೆಟ್‌ನ ಹೆಸರಿನಲ್ಲಿ ನಕಲಿ ಆಪ್ ಇತ್ತು. ಅದನ್ನು ನಂಬಿ ಹಾಕಿಕೊಂಡ ಒಬ್ಬರು ಸುಮಾರು 9 ಬಿಟ್‌ಕಾಯಿನ್ ಕಳೆದುಕೊಂಡರು. ಆ ಆಪ್ ಅಡ್ಮಿನ್ ಪಾಸ್‌ವರ್ಡ್ ಕದಿಯಲಿಲ್ಲ, ಸಿಸ್ಟಮ್ ಮುರಿಯಲಿಲ್ಲ. ವ್ಯಾಲೆಟ್‌ನ ಗುಟ್ಟಿನ ಪದಗಳನ್ನು ಟೈಪ್ ಮಾಡಿ ಅಂದಿತು, ಅವರು ಮಾಡಿದರು.

ಫ್ಲ್ಯಾಟ್‌ಪ್ಯಾಕ್ ಹಾಕಿದ ಮೇಲೆ ಫ್ಲ್ಯಾಟ್‌ಸೀಲ್ ಎಂಬ ಪ್ರೋಗ್ರಾಂ ಹಾಕಿಕೊಳ್ಳಿ. ಪ್ರತಿ ಆಪ್ ಏನೇನು ಮುಟ್ಟಬಹುದು ಅನ್ನುವುದನ್ನು ಅದು ತೋರಿಸುತ್ತದೆ. ಫೈಲ್‌ಸಿಸ್ಟಮ್ ವಿಭಾಗದಲ್ಲಿ ಪೂರ್ತಿ ಹೋಮ್ ಫೋಲ್ಡರ್‌ಗೆ ಅನುಮತಿ ಇದ್ದರೆ, ಅದು ಆ ಆಪ್‌ಗೆ ನಿಜಕ್ಕೂ ಬೇಕಾ ಅಂತ ಕೇಳಿಕೊಳ್ಳಿ. ಹಾಡು ಕೇಳಿಸುವ ಆಪ್‌ಗೆ ಮ್ಯೂಸಿಕ್ ಫೋಲ್ಡರ್ ಸಾಕಲ್ವಾ? ಆಫ್ ಮಾಡಿ ನೋಡಿ. ಕೆಲಸ ನಿಂತರೆ ಮತ್ತೆ ಆನ್ ಮಾಡಿದರಾಯಿತು.

ಯಾವುದೋ ವಿಡಿಯೊದಲ್ಲಿ "ಈ ಒಂದು ಸಾಲು ಟರ್ಮಿನಲ್‌ಗೆ ಹಾಕಿ, ಸರಿಹೋಗುತ್ತೆ" ಅಂದರೆ ಕೈ ತಡೆಯಿರಿ. ಆ ಸಾಲು ಸುಡೊ (ಅಡ್ಮಿನ್ ಹಕ್ಕಿನಲ್ಲಿ ಓಡಿಸು) ಎಂದು ಶುರುವಾಗಿ, ಇಂಟರ್ನೆಟ್‌ನಿಂದ ಏನನ್ನೋ ತಂದು ನೇರವಾಗಿ ಓಡಿಸುವಂತಿದ್ದರೆ ಅದನ್ನು ಬರೆದವರ ಕೈಗೆ ಮನೆ ಬೀಗದ ಕೈ ಕೊಟ್ಟ ಹಾಗೆ. ಪಿಪಿಎ, ಅಂದರೆ ಹೊರಗಿನವರ ಸಾಫ್ಟ್‌ವೇರ್ ಭಂಡಾರ, ಸೇರಿಸುವುದೂ ಅದೇ ಲೆಕ್ಕ. ಇವತ್ತಿನ ಒಂದು ಪ್ರೋಗ್ರಾಂಗೆ ಕೊಟ್ಟ ಒಪ್ಪಿಗೆ ಅಲ್ಲ ಅದು, ನಾಳೆ ಅವರು ಏನು ಕಳಿಸಿದರೂ ಅಡ್ಮಿನ್ ಹಕ್ಕಿನಲ್ಲಿ ಇನ್‌ಸ್ಟಾಲ್ ಆಗುತ್ತದೆ.

ಕನ್ನಡ ಟೈಪಿಂಗ್ ವಿಷಯದಲ್ಲಿ ಇದೇ ತಪ್ಪು ತುಂಬಾ ಆಗುತ್ತದೆ. ವಿಂಡೋಸ್‌ನಿಂದ ಬಂದವರು ಮೊದಲು ಹುಡುಕುವುದು ನುಡಿ ಅಥವಾ ಬರಹ. ಗೊತ್ತಿಲ್ಲದ ಸೈಟ್‌ನಿಂದ ಇನ್‌ಸ್ಟಾಲರ್ ತಂದು ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಮೂಲಕ ಓಡಿಸುತ್ತಾರೆ. ವೈನ್ ಅಂದರೆ ಬೇಲಿ ಅಂದುಕೊಳ್ಳಬೇಡಿ. ಅದರೊಳಗೆ ಝಡ್ ಡ್ರೈವ್ ಎಂದು ಕಾಣುವುದು ನಿಮ್ಮ ಪೂರ್ತಿ ಡಿಸ್ಕ್. ವಿಂಡೋಸ್ ವೈರಸ್ ಒಂದು ವೈನ್‌ನಲ್ಲಿ ಓಡಿದರೆ ನಿಮ್ಮ ಹೋಮ್ ಫೋಲ್ಡರ್‌ನ ಫೈಲುಗಳನ್ನು ಅಳಿಸಬಲ್ಲದು, ಕದಿಯಬಲ್ಲದು. ಇದೆಲ್ಲ ಬೇಕಾಗಿಯೇ ಇಲ್ಲ. ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್‌ನಲ್ಲಿ ಲೇಔಟ್ಸ್ ಭಾಗಕ್ಕೆ ಹೋಗಿ ಕನ್ನಡದ ಕಗಪ ಫೊನೆಟಿಕ್ ಸೇರಿಸಿ. ಅದು ಹಿಡಿಸದಿದ್ದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಮತ್ತು ಐಬಸ್-ಎಂ17ಎನ್ ಎಂಬ ಟೈಪಿಂಗ್ ಸಾಧನ ಹಾಕಿದರೆ ಕೆಜಿಪಿ (ಕಗಪ), ಇನ್‌ಸ್ಕ್ರಿಪ್ಟ್ ಎರಡೂ ಲೇಔಟ್ ಸಿಗುತ್ತವೆ. ಗುಬ್ಬಿ, ನವಿಲು ಫಾಂಟುಗಳೂ ಅಲ್ಲೇ ಇವೆ. ಎಲ್ಲಾ ಸಹಿ ಬಿದ್ದು ಬರುವ ಪ್ಯಾಕೇಜುಗಳು.

ಹೆಜ್ಜೆ 5: ಬ್ರೌಸರ್

ಫೈರ್‌ಫಾಕ್ಸ್ ಮಿಂಟ್ ಜೊತೆಗೇ ಬರುತ್ತದೆ. ಸೆಟ್ಟಿಂಗ್ಸ್ ತೆರೆದು ಪ್ರೈವೆಸಿ ಮತ್ತು ಸೆಕ್ಯುರಿಟಿ ಭಾಗಕ್ಕೆ ಹೋಗಿ. ಟ್ರ್ಯಾಕಿಂಗ್ ತಡೆಯನ್ನು ಸ್ಟ್ರಿಕ್ಟ್‌ಗೆ ಇಡಿ. ಎಚ್‌ಟಿಟಿಪಿಎಸ್-ಓನ್ಲಿ ಮೋಡ್ ಎಲ್ಲಾ ಕಿಟಕಿಗಳಿಗೂ ಆನ್ ಮಾಡಿ. ಮೊಜಿಲ್ಲಾಗೆ ಬಳಕೆಯ ಮಾಹಿತಿ ಕಳಿಸುವ ಟಿಕ್ ತೆಗೆಯಿರಿ. ಆಮೇಲೆ ಯುಬ್ಲಾಕ್ ಒರಿಜಿನ್ ಎಕ್ಸ್‌ಟೆನ್ಶನ್ ಹಾಕಿ. ರೇಮಂಡ್ ಹಿಲ್ ಬರೆದ ಇದು ಜಾಹೀರಾತಿನ ಜೊತೆ ಬೆನ್ನು ಹತ್ತುವ ಟ್ರ್ಯಾಕರ್‌ಗಳನ್ನೂ ತಡೆಯುತ್ತದೆ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಅಲ್ಲಿ ಇದು ಓಡುವುದು ನಿಂತಿದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ತಿಯಾಗಿ ಓಡುತ್ತದೆ. ನಾನು ಫೈರ್‌ಫಾಕ್ಸ್ ಬಿಡದಿರುವುದಕ್ಕೆ ಇದೇ ದೊಡ್ಡ ಕಾರಣ. ಬೇರೆ ಎಕ್ಸ್‌ಟೆನ್ಶನ್ ಆದಷ್ಟು ಕಡಿಮೆ ಇರಲಿ.

ಬ್ಯಾಂಕ್ ಕೆಲಸಕ್ಕೆ ಬೇರೆ ಜಾಗ ಮಾಡಿಕೊಳ್ಳಿ. ಮೊಜಿಲ್ಲಾದ್ದೇ ಆದ ಮಲ್ಟಿ-ಅಕೌಂಟ್ ಕಂಟೇನರ್ಸ್ ಹಾಕಿದರೆ ಬ್ಯಾಂಕ್ ಒಂದು ಕಂಟೇನರ್, ಫೇಸ್‌ಬುಕ್ ಇನ್ನೊಂದು ಎಂದು ಬೇರ್ಪಡಿಸಬಹುದು. ಒಂದರ ಕುಕಿ (ಸೈಟ್ ನಿಮ್ಮ ಬ್ರೌಸರ್‌ನಲ್ಲಿ ಉಳಿಸುವ ಗುರುತು) ಇನ್ನೊಂದಕ್ಕೆ ಕಾಣುವುದಿಲ್ಲ.

ಇಂಟರ್ನೆಟ್ ಸಂಪರ್ಕವನ್ನು ಇನ್ನೊಂದು ಕಂಪನಿಯ ಮೂಲಕ ಹಾಯಿಸುವ ವಿಪಿಎನ್ ಬಗ್ಗೆ ನನ್ನನ್ನು ಬಹಳ ಜನ ಕೇಳುತ್ತಾರೆ. ವಿಪಿಎನ್ ಹಾಕಿದರೆ ನಿಮ್ಮ ಇಂಟರ್ನೆಟ್ ಕಂಪನಿ ನೋಡುತ್ತಿದ್ದದ್ದನ್ನು ಇನ್ನು ಮೇಲೆ ವಿಪಿಎನ್ ಕಂಪನಿ ನೋಡುತ್ತದೆ. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ, ಅಷ್ಟೇ. ಭಾರತದಲ್ಲಿ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಪುಕ್ಕಟೆ ವಿಪಿಎನ್ ಅಂತೂ ಬೇಡವೇ ಬೇಡ.

ಹೆಜ್ಜೆ 6: ಪಾಸ್‌ವರ್ಡ್‌ಗಳಿಗೆ ಒಂದು ಪೆಟ್ಟಿಗೆ

ಫೈರ್‌ಫಾಕ್ಸ್‌ನಲ್ಲಿ ಪಾಸ್‌ವರ್ಡ್ ಉಳಿಸಿ, ಪ್ರೈಮರಿ ಪಾಸ್‌ವರ್ಡ್ ಇಡದಿದ್ದರೆ, ನಿಮ್ಮ ತೆರೆದ ಡೆಸ್ಕ್‌ಟಾಪ್ ಮುಂದೆ ಕೂತವರು ಯಾರಾದರೂ ಎರಡು ಕ್ಲಿಕ್‌ನಲ್ಲಿ ಎಲ್ಲವನ್ನೂ ಓದಬಹುದು. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಪಾಸ್‌ವರ್ಡ್ ಕಾಯ್ದಿಡುವ ಕೀಪಾಸ್‌ಎಕ್ಸ್‌ಸಿ ಹಾಕಿ. ಡೇಟಾಬೇಸ್ ಎಂಬ ಒಂದು ಫೈಲ್ ಮಾಡಿ, ಅದಕ್ಕೂ ನಿಘಂಟಿನಿಂದ ಆರಿಸಿದ ಬೇರೆ ಆರು ಪದ ಇಡಿ. ಇನ್ನು ನೆನಪಿಡಬೇಕಾದ್ದು ಡಿಸ್ಕ್ ಕೀ, ಲಾಗಿನ್, ಈ ಪೆಟ್ಟಿಗೆ, ಮೂರೇ. ಉಳಿದ ಪಾಸ್‌ವರ್ಡ್‌ಗಳನ್ನು ಕೀಪಾಸ್‌ಎಕ್ಸ್‌ಸಿಯೇ ಹುಟ್ಟುಹಾಕಲಿ. ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಿ ಸುಸ್ತಾಗಬೇಡಿ. ಮೊದಲು ಇಮೇಲ್, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬರುವುದೇ ಅಲ್ಲಿಗೆ. ಆಮೇಲೆ ಬ್ಯಾಂಕ್. ಉಳಿದದ್ದನ್ನು ಆಯಾ ಸೈಟ್‌ಗೆ ಹೋದಾಗ ಒಂದೊಂದಾಗಿ ಬದಲಿಸಿ.

ಹೆಜ್ಜೆ 7: ಆಧಾರ್ ಮತ್ತು ಇತರ ದಾಖಲೆಗಳು

ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ಒಮ್ಮೆ ತೆರೆದು ನೋಡಿ. ಇ-ಆಧಾರ್ ಪಿಡಿಎಫ್ ಎಷ್ಟು ಪ್ರತಿ ಇವೆ? ಅದಕ್ಕೆ ಪಾಸ್‌ವರ್ಡ್ ಇದೆಯಲ್ಲ ಅನ್ನಬಹುದು. ಆದರೆ ಆ ಪಾಸ್‌ವರ್ಡ್ ಹೆಸರಿನ ಮೊದಲ 4 ಅಕ್ಷರ ಮತ್ತು ಹುಟ್ಟಿದ ವರ್ಷ ಎಂಬುದು ಎಲ್ಲರಿಗೂ ಗೊತ್ತು. ಹೆಸರು ಗೊತ್ತಿದ್ದರೆ ವರ್ಷ ಊಹಿಸಲು ನೂರು ಪ್ರಯತ್ನವೂ ಬೇಡ. ಅದನ್ನು ಬೀಗ ಅಂದುಕೊಳ್ಳಬೇಡಿ.

ಚಿಕ್ಕ ಪಿಡಿಎಫ್‌ಗಳನ್ನು ಕೀಪಾಸ್‌ಎಕ್ಸ್‌ಸಿಯಲ್ಲೇ ಅಟ್ಯಾಚ್‌ಮೆಂಟ್ ಆಗಿ ಸೇರಿಸಿ, ಹೊರಗಿನ ಪ್ರತಿಗಳನ್ನು ಅಳಿಸಿ. ಯಾರಿಗಾದರೂ ಆಧಾರ್ ಕಳಿಸಬೇಕಾದಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಕಳಿಸಿ. ಗೂಗಲ್ ಡ್ರೈವ್‌ನಂಥ ಕಡೆ ದಾಖಲೆ ಇಡುವವರು ಕ್ರಿಪ್ಟೊಮೇಟರ್ ಬಳಸಿ, ಮೊದಲು ನಿಮ್ಮ ಕಂಪ್ಯೂಟರ್‌ನಲ್ಲೇ ಎನ್‌ಕ್ರಿಪ್ಟ್ ಆಗಿ ಆಮೇಲೆ ಮೇಲೆ ಹೋಗುತ್ತದೆ. ಲಿಬ್ರೆಆಫೀಸ್‌ನ ಆಯ್ಕೆಗಳಲ್ಲಿ ಸೆಕ್ಯುರಿಟಿ ವಿಭಾಗದೊಳಗೆ, ಫೈಲ್ ಉಳಿಸುವಾಗ ವೈಯಕ್ತಿಕ ಮಾಹಿತಿ ತೆಗೆಯುವ ಟಿಕ್ ಇದೆ. ಅದನ್ನೂ ಹಾಕಿಡಿ.

ಎಸ್‌ಎಸ್‌ಡಿ ಇರುವವರು ಗಮನಿಸಿ: ಅಳಿಸಿದ ಫೈಲಿನ ಮೇಲೆ ಮತ್ತೆ ಬರೆದು ಒರೆಸುವ ಹಳೆಯ ತಂತ್ರ ಎಸ್‌ಎಸ್‌ಡಿಯಲ್ಲಿ ನೆಚ್ಚುವಂಥದ್ದಲ್ಲ. ಹಳೆಯ ತುಣುಕು ಬೇರೆ ಮೂಲೆಯಲ್ಲಿ ಉಳಿದಿರಬಹುದು. ಅಲ್ಲಿಯೂ ನಿಮ್ಮನ್ನು ಕಾಯುವುದು ಎರಡನೇ ಹೆಜ್ಜೆಯ ಎನ್‌ಕ್ರಿಪ್ಶನ್ನೇ.

ಹೆಜ್ಜೆ 8: ಮನೆಯವರು, ಲಾಕ್, ಫೈರ್‌ವಾಲ್

ಒಂದೇ ಕಂಪ್ಯೂಟರ್ ಮನೆಮಂದಿಯೆಲ್ಲ ಬಳಸುತ್ತಿದ್ದರೆ ಪ್ರತಿಯೊಬ್ಬರಿಗೂ ಬೇರೆ ಖಾತೆ ಮಾಡಿ. ಯೂಸರ್ಸ್ ಅಂಡ್ ಗ್ರೂಪ್ಸ್‌ನಲ್ಲಿ ಮಕ್ಕಳದ್ದು ಸ್ಟ್ಯಾಂಡರ್ಡ್ ಖಾತೆ ಇರಲಿ. ಆಮೇಲೆ ನಿಮ್ಮ ಹೋಮ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಪರ್ಮಿಶನ್ಸ್ ನೋಡಿ. ಅದರ್ಸ್ ಎಂಬಲ್ಲಿ ನನ್ (None, ಅನುಮತಿ ಇಲ್ಲ) ಎಂದಿರಬೇಕು.

ಎದ್ದು ಹೋಗುವಾಗ ಕಂಟ್ರೋಲ್, ಆಲ್ಟ್, ಎಲ್ ಮೂರನ್ನೂ ಒಟ್ಟಿಗೆ ಒತ್ತಿದರೆ ಲಾಕ್ ಆಗುತ್ತದೆ. ಕನ್ನಡ ಲೇಔಟ್‌ನಲ್ಲಿ ಇರುವಾಗ ಲಾಕ್ ಮಾಡಿದರೆ ವಾಪಸ್ ಬಂದಾಗ ಪಾಸ್‌ವರ್ಡ್ ತಪ್ಪು ಅನ್ನಬಹುದು. ಗಾಬರಿ ಬೇಡ, ಲಾಕ್ ಪರದೆಯಲ್ಲೇ ಲೇಔಟ್ ತೋರಿಸುವ ಗುರುತು ಇದೆ, ಇಂಗ್ಲಿಷ್‌ಗೆ ಬದಲಿಸಿ. ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ ಬೇಡವಾದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ಆಫ್ ಮಾಡಬಹುದು.

ಹೊರಗಿನಿಂದ ಬರುವ ಸಂಪರ್ಕ ತಡೆಯುವ ಫೈರ್‌ವಾಲ್ ಮಿಂಟ್‌ನಲ್ಲಿ ಇರುತ್ತದೆ, ಆದರೆ ಆನ್ ಆಗಿರುವುದಿಲ್ಲ. ಮೆನುವಿನಲ್ಲಿ ಫೈರ್‌ವಾಲ್ ಎಂದು ಹುಡುಕಿ ಸ್ಟೇಟಸ್ ಸ್ವಿಚ್ ಆನ್ ಮಾಡಿ. ಒಳಬರುವುದು ಡಿನೈ (ತಡೆ), ಹೊರಹೋಗುವುದು ಅಲೋ (ಬಿಡು). ಪಿಜಿ, ಹಾಸ್ಟೆಲ್ ವೈಫೈ ಬಳಸುವವರಿಗೆ ಇದು ಮುಖ್ಯ. ಮಿಂಟ್‌ನ ವಾರ್ಪಿನೇಟರ್‌ನಿಂದ ಫೈಲ್ ಕಳಿಸುವವರು 42000 ಮತ್ತು 42001 ಪೋರ್ಟ್‌ಗಳಿಗೆ ಅನುಮತಿ ಕೊಡಬೇಕಾಗುತ್ತದೆ. ಅದರ ಗ್ರೂಪ್ ಕೋಡ್ ಬದಲಿಸುವುದನ್ನು ಮರೆಯಬೇಡಿ.

ಹೆಜ್ಜೆ 9: ಬ್ಯಾಕಪ್ ಮತ್ತು ಪೆನ್‌ಡ್ರೈವ್

ಟೈಮ್‌ಶಿಫ್ಟ್ ಇದೆಯಲ್ಲ, ಬ್ಯಾಕಪ್ ಯಾಕೆ ಅಂತ ಕೇಳಬೇಡಿ. ಟೈಮ್‌ಶಿಫ್ಟ್ ಉಳಿಸುವುದು ಸಿಸ್ಟಮನ್ನು. ನಿಮ್ಮ ಹೋಮ್ ಫೋಲ್ಡರನ್ನು ಅದು ಮಾಮೂಲಿಯಾಗಿ ಮುಟ್ಟುವುದೇ ಇಲ್ಲ. ಅದಕ್ಕೆ ಡೇಜಾ ಡುಪ್ ಎಂಬ ಬ್ಯಾಕಪ್ ಪ್ರೋಗ್ರಾಂ ಹಾಕಿ, ಹೊರಗಿನ ಹಾರ್ಡ್‌ಡಿಸ್ಕ್ ಆರಿಸಿ, ಪಾಸ್‌ವರ್ಡ್ ಕೇಳಿದಾಗ ಖಂಡಿತ ಕೊಡಿ. ಕಂಪ್ಯೂಟರ್ ಎನ್‌ಕ್ರಿಪ್ಟ್ ಮಾಡಿ ಬ್ಯಾಕಪ್ ಬೆತ್ತಲೆ ಬಿಟ್ಟರೆ ಏನು ಪ್ರಯೋಜನ? ತಿಂಗಳಿಗೊಮ್ಮೆ ಒಂದು ಫೈಲನ್ನಾದರೂ ಬ್ಯಾಕಪ್‌ನಿಂದ ವಾಪಸ್ ತಂದು ತೆರೆದು ನೋಡಿ.

ಜೆರಾಕ್ಸ್ ಅಂಗಡಿಗೆ ಒಯ್ಯುವ ಪೆನ್‌ಡ್ರೈವ್ ಬೇರೆಯೇ ಇರಲಿ. ಅದರಲ್ಲಿ ಪ್ರಿಂಟ್ ಬೇಕಾದ ಒಂದೇ ಫೈಲ್ ಇರಲಿ, ಮನೆಗೆ ಬಂದು ಫಾರ್ಮ್ಯಾಟ್ ಮಾಡಿ. ಅಲ್ಲಿಂದ ಹತ್ತಿ ಬರುವ ಶಾರ್ಟ್‌ಕಟ್ ವೈರಸ್ ಮಿಂಟ್‌ನಲ್ಲಿ ಓಡುವುದಿಲ್ಲ, ಆದರೆ ನಿಮ್ಮ ಪೆನ್‌ಡ್ರೈವ್ ಮೂಲಕ ಇನ್ನೊಬ್ಬರ ವಿಂಡೋಸ್‌ಗೆ ಹೋಗುತ್ತದೆ. ಸ್ವಂತ ದಾಖಲೆ ಹೊತ್ತು ತಿರುಗುವ ಪೆನ್‌ಡ್ರೈವನ್ನು ಡಿಸ್ಕ್ಸ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ ಎಕ್ಸ್ಟ್4 ಆರಿಸಿ, ಕೆಳಗೆ ಪಾಸ್‌ವರ್ಡ್ ರಕ್ಷಣೆಯ ಟಿಕ್ ಹಾಕಿ. ಅದು ವಿಂಡೋಸ್‌ನಲ್ಲಿ ತೆರೆಯುವುದಿಲ್ಲ ಅನ್ನುವುದು ನೆನಪಿರಲಿ.

ಕೊನೆಗೆ, ಲ್ಯಾಪ್‌ಟಾಪ್ ಕಳುವಾದರೆ? ಆಫ್ ಆಗಿತ್ತು, ಎನ್‌ಕ್ರಿಪ್ಟ್ ಆಗಿತ್ತು ಅಂದರೆ ಹೋದದ್ದು ಯಂತ್ರ ಮಾತ್ರ. ಆದರೂ ನಂಬಿಕೆಯ ಇನ್ನೊಂದು ಕಂಪ್ಯೂಟರ್‌ನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲಾ ಸಾಧನಗಳಿಂದ ಲಾಗ್‌ಔಟ್ ಮಾಡಿ. ಆಮೇಲೆ ಬ್ಯಾಂಕ್. ಫೋನ್‌ನ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ಆ ಲ್ಯಾಪ್‌ಟಾಪನ್ನು ತೆಗೆದುಹಾಕಿ. ಪೊಲೀಸ್ ಠಾಣೆಯಲ್ಲಿ ದೂರು ಕೊಡಲು ಸೀರಿಯಲ್ ನಂಬರ್ ಬೇಕಾಗುತ್ತದೆ, ಇವತ್ತೇ ಲ್ಯಾಪ್‌ಟಾಪ್ ತಿರುಗಿಸಿ ಅದನ್ನು ಡಿಸ್ಕ್ ಕೀ ಬರೆದ ಕಾಗದದಲ್ಲೇ ಬರೆದಿಡಿ. ಖಾತೆಯಿಂದ ಹಣ ಹೋಗಿರುವುದು ಕಂಡರೆ ಒಂದು ನಿಮಿಷವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.